ಸಿಗರೇಟು ಬಿಡಿಸೋ ಆ್ಯಪ್: ದಮ್ಮು, ಶುಗರ್ ಇರೋರಿಗೆ ಕನ್ನಡದಲ್ಲಿ ಏನಾದ್ರೂ ಇದೆಯಾ?

ಜೆರಾಕ್ಸ್_ತಿಪಟೂರು:

ಎಲ್ಲರಿಗೂ ನಮಸ್ಕಾರ. ನನಗೀಗ 56. ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟು 27 ವರ್ಷ ಆಯ್ತು. ಸಿಗರೇಟು ಅಂಗಡಿಗಿಂತ ಹತ್ತು ವರ್ಷ ಹಳೇದು. ದಿನಕ್ಕೆ 14. ಮೂರು ವರ್ಷದ ಹಿಂದೆ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಟ್ಟಿಕೊಳ್ಳೋ ದಮ್ಮಿನ ಕಾಯಿಲೆ ಅಂದ್ರು. ಮಷೀನಿಗೆ ಊದಿಸೋ ಟೆಸ್ಟಲ್ಲಿ ನೂರಕ್ಕೆ 52 ಬಂತು. ಶುಗರ್ ಅದಕ್ಕೂ ಮುಂಚಿನ ನೆಂಟ. ದಮ್ಮಿಗೆ ಬೆಳಿಗ್ಗೆ ಸಂಜೆ ಪಂಪು (ಇನ್‌ಹೇಲರ್), ರಾತ್ರಿ ಒಂದು ಥಿಯೋಫಿಲಿನ್ ಮಾತ್ರೆ, ಶುಗರಿಗೆ ಎರಡು.

ಬಿಡಬೇಕು ಅನ್ನೋ ಉಪದೇಶ ದಯವಿಟ್ಟು ಬೇಡ. ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ. ನನ್ನ ಪ್ರಶ್ನೆ ಬೇರೆ.

ಯುಗಾದಿಗೆ ಬಂದಾಗ ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಪೂರ್ತಿ ಇಂಗ್ಲಿಷು. ತೆಗೆದ್ರೆ ಎರಡು ಶ್ವಾಸಕೋಶದ ಚಿತ್ರ, ಕಪ್ಪಗೆ. ಸೇದದೆ ಇದ್ದ ಹಾಗೆಲ್ಲ ಅದು ಕೆಳಗಿಂದ ಮೇಲಕ್ಕೆ ಗುಲಾಬಿ ಬಣ್ಣಕ್ಕೆ ತಿರುಗ್ತಾ ಬರುತ್ತೆ. ಒಂಬತ್ತನೇ ದಿನ ಒಂದು ಪದಕ ಕೊಡ್ತು, ಈಗ ನಿಮ್ಮ ಉಸಿರಾಟ ಸಲೀಸಾಗಿದೆ ಅಂತ. ಆ ಪದಕ ಬಂದಾಗ ನಾನೆಲ್ಲಿದ್ದೆ ಗೊತ್ತಾ? ಒಂದು ಕ್ರಯಪತ್ರದ ಪ್ರಿಂಟ್ ಕೊಡೋಕೆ ಹೋಗಿ, ಮಹಡಿ ಮೆಟ್ಟಿಲ ಮಧ್ಯದಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೆ. ಹದಿನೆಂಟು ಮೆಟ್ಟಿಲು, ಹತ್ತನೇದರಲ್ಲಿ ದಮ್ಮು ಕಟ್ಟಿತ್ತು. ಜೇಬಲ್ಲಿ ಫೋನು ಟಿಣ್ ಅಂತು.

ಇನ್ನೊಂದು. ಸೇದೋ ಆಸೆ ಬಂದಾಗ ಒತ್ತೋಕೆ ಅಂತ ಅದರಲ್ಲಿ ಒಂದು ಕೆಂಪು ಬಟನ್ ಇದೆ. ಒತ್ತಿದ್ರೆ ಉಸಿರೆಳೆದುಕೊಳ್ಳಿ, ಏಳು ಎಣಿಸೋವರೆಗೆ ಹಿಡಿದುಕೊಳ್ಳಿ, ಬಿಡಿ ಅನ್ನುತ್ತೆ. ಅಲ್ಲ ಸ್ವಾಮಿ, ಹಿಡಿದುಕೊಳ್ಳೋಕೆ ನನ್ನ ಹತ್ರ ಉಸಿರಿದ್ರೆ ತಾನೇ? ನಾಲ್ಕಕ್ಕೇ ಕೆಮ್ಮು ಶುರುವಾಗಿ ಕಣ್ಣಲ್ಲಿ ನೀರು ಬಂತು. ಯಾರದ್ದೋ ಆಧಾರ್ ಕಾರ್ಡ್ ಮೇಲೆ ಎಂಜಲು ಹಾರಿ ಬೈಸಿಕೊಂಡೆ.

ಆದ್ರೂ 23 ದಿನ ಇದ್ದೆ. ದೊಡ್ಡಪ್ಪ ತೀರಿಕೊಂಡ್ರು. ತಿಥಿ ದಿನ ಊಟ ಆದ ಮೇಲೆ ತೆಂಗಿನ ತೋಟದ ಬದುವಿನ ಮೇಲೆ ಚಿಕ್ಕಪ್ಪನ ಮಕ್ಕಳ ಜೊತೆ ಒಂದು ಸೇದಿದೆ. ಒಂದೇ. ರಾತ್ರಿ ಆ್ಯಪ್ ಕೇಳ್ತು, ಇವತ್ತು ಸೇದಿದ್ರಾ? ಸುಳ್ಳು ಯಾಕೆ ಹೇಳೋದು, ಹೌದು ಅಂತ ಒತ್ತಿದೆ. ಗುಲಾಬಿ ಎಲ್ಲ ಇಳಿದು ಕಪ್ಪಾಯ್ತು. 23 ಇದ್ದ ಜಾಗದಲ್ಲಿ 0. ಉಳಿಸಿದ್ದ ಐದು ಸಾವಿರ ಚಿಲ್ಲರೆ ರೂಪಾಯಿ ಲೆಕ್ಕಾನೂ 0. ಇಪ್ಪತ್ಮೂರು ದಿನ ಹಲ್ಲು ಕಚ್ಚಿದ್ದು ನಾನು, ಅಳಿಸಿದ್ದು ಅದು. ಇನ್ನೇನು ಉಳೀತು ಅಂತ ಮಾರನೇ ದಿನ ಆರು, ವಾರದೊಳಗೆ ಹನ್ನೊಂದು.

ಈಗ ಮತ್ತೆ ಬಿಟ್ಟು ಆರು ದಿನ. ಒಂದು ವಿಚಿತ್ರ ಇದೆ. ಬಿಟ್ಟಾಗ ನನಗೆ ಕೈ ನಡುಗುತ್ತೆ, ಎದೆ ಡವಡವ, ರಾತ್ರಿ ಎರಡರವರೆಗೆ ನಿದ್ದೆ ಇಲ್ಲ. ಮತ್ತೆ ಶುರು ಹಚ್ಚಿಕೊಂಡ ಒಂದು ವಾರಕ್ಕೆ ನಡುಕ ಮಾಯವಾಗಿತ್ತು. ಈಗ ವಾಪಸ್ ಬಂದಿದೆ. ಮೌಸ್ ಹಿಡಿದು ಪಾಸ್‌ಪೋರ್ಟ್ ಫೋಟೋ ಕಟ್ ಮಾಡೋಕೆ ಆಗ್ತಿಲ್ಲ. ಇದು ಚಟ ಬಿಟ್ಟಿದ್ದಕ್ಕಾ? ಎಷ್ಟು ದಿನ?

ಕನ್ನಡದಲ್ಲಿ, ಕಾಯಿಲೆ ಇರೋರನ್ನ ಮನಸ್ಸಲ್ಲಿಟ್ಟು ಮಾಡಿರೋ ಆ್ಯಪ್ಪೋ, ಮೆಸೇಜೋ, ಮಾತಾಡೋ ಮನುಷ್ಯರೋ ಇದ್ರೆ ಹೇಳಿ. ಸೊನ್ನೆ ಹಾಕದೆ ಇರೋದು.

ಗದಗ_ಗೆಳೆಯ:

ಸರ್, ಆ್ಯಪ್ ಗೀಪ್ ಏನೂ ಬ್ಯಾಡ್ರಿ. ನಮ್ಮ ಮಾಮಾ ಮೂವತ್ತ ವರ್ಷ ಬೀಡಿ ಸೇದಿದಾಂವ, ಒಂದಿನಾ ಮುಂಜಾನೆ ಎದ್ದು ಇಡೀ ಕಟ್ಟು ತಿಪ್ಪ್ಯಾಗ ಒಗದ. ಮತ್ತ ಮುಟ್ಟಿಲ್ಲ. ಮನಸ್ಸು ಗಟ್ಟಿ ಇರಬೇಕ್ರಿ, ಫೋನ್ ಏನ್ ಮಾಡ್ತೈತಿ. ಬಾಯಾಗ ಲವಂಗ ಇಟ್ಕೋರಿ.

ಜೆರಾಕ್ಸ್_ತಿಪಟೂರು:

ಲವಂಗ ಬಾಯಲ್ಲಿಟ್ಟುಕೊಂಡೇ ಟೈಪ್ ಮಾಡ್ತಿದೀನಿ. ಮಾಮಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮನಸ್ಸು ಅಷ್ಟು ಗಟ್ಟಿ ಇದ್ದಿದ್ರೆ ಈ ಪೋಸ್ಟೇ ಇರ್ತಿರಲಿಲ್ಲ.

ಮೆಡಿಕಲ್‌ಶಾಪ್_ಶಿವಮೊಗ್ಗ:

ಅಣ್ಣ, ಬೇರೆ ಎಲ್ಲ ಆಮೇಲೆ. ಮೊದಲು ಆ ಕೈ ನಡುಕದ ವಿಷಯ. ಹದಿನೆಂಟು ವರ್ಷದಿಂದ ಕೌಂಟರಲ್ಲಿ ನಿಂತಿದೀನಿ, ನೀವು ಬರೆದಿರೋದು ಓದಿದ ತಕ್ಷಣ ಕಣ್ಣು ಹೋಗಿದ್ದು ರಾತ್ರಿ ಮಾತ್ರೆ ಮೇಲೆ.

ಹೊಗೆಯಲ್ಲಿರೋ ಟಾರು ನಮ್ಮ ಲಿವರನ್ನ ಎಬ್ಬಿಸಿ ಕೂರಿಸಿರುತ್ತೆ. ಅದು ಥಿಯೋಫಿಲಿನ್ನನ್ನ ಬೇಗ ಬೇಗ ಕರಗಿಸಿ ಆಚೆ ಹಾಕ್ತಿರುತ್ತೆ. ಅದಕ್ಕೇ ಸೇದೋರಿಗೆ ಅದರ ಡೋಸು ಜಾಸ್ತಿ ಬೇಕಾಗುತ್ತೆ. ಸೇದೋದು ನಿಲ್ಲಿಸಿದ ಕೆಲವೇ ದಿನಕ್ಕೆ ಲಿವರ್ ತನ್ನ ಮಾಮೂಲಿ ವೇಗಕ್ಕೆ ಬರುತ್ತೆ, ಮಾತ್ರೆ ಮಾತ್ರ ಹಳೇ ಡೋಸೇ ಹೋಗ್ತಿರುತ್ತೆ. ರಕ್ತದಲ್ಲಿ ಅದು ಏರಿದ್ರೆ ಬರೋದು ಇದೇ: ಎದೆ ಬಡಿತ, ಕೈ ನಡುಕ, ವಾಕರಿಕೆ, ನಿದ್ದೆ ಇಲ್ಲ. ತೀರಾ ಏರಿದ್ರೆ ವಾಂತಿ, ಫಿಟ್ಸ್‌ವರೆಗೂ ಹೋಗುತ್ತೆ. ಪಂಪಿನಿಂದಲೂ ನಡುಕ ಬರೋದುಂಟು, ಚಟ ಬಿಟ್ಟಾಗಲೂ ಸ್ವಲ್ಪ ಚಡಪಡಿಕೆ ಇರುತ್ತೆ. ಆದ್ರೆ ನೀವು ಹೇಳ್ತಿರೋ ತಾಳೆ ನೋಡಿ. ಬಿಟ್ರೆ ಬರುತ್ತೆ, ಶುರು ಮಾಡಿದ ವಾರಕ್ಕೆ ಹೋಗುತ್ತೆ. ಸಿಗರೇಟು ನಡುಕಕ್ಕೆ ಔಷಧಿ ಅಂತ ನಿಮಗನ್ನಿಸಿರುತ್ತೆ, ಅಲ್ವಾ? ಅದು ಮಾತ್ರೆಯನ್ನ ಓಡಿಸ್ತಿತ್ತು, ಅಷ್ಟೇ.

ನೀವಾಗೇ ನಿಲ್ಲಿಸಬೇಡಿ, ದಮ್ಮು ಕೆರಳುತ್ತೆ. ನಾಳೆನೇ ಡಾಕ್ಟರ್ ಹತ್ರ ಹೋಗಿ, "ಸಿಗರೇಟು ಬಿಟ್ಟಿದೀನಿ, ಥಿಯೋಫಿಲಿನ್ ತಗೋತಿದೀನಿ, ಕೈ ನಡುಗ್ತಿದೆ" ಅಂತ ಮೂರು ಮಾತು ಹೇಳಿ. ಅವರು ಡೋಸು ನೋಡ್ತಾರೆ. ಮುಂದೆ ಯಾವತ್ತಾದ್ರೂ ಮತ್ತೆ ದಿನವೂ ಸೇದೋಕೆ ಶುರುವಾದ್ರೆ ಅದನ್ನೂ ಹೇಳಬೇಕು, ಲೆಕ್ಕ ಉಲ್ಟಾ ಆಗುತ್ತೆ. ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತಗೋಳೋರಿಗೂ ಇದೇ ಕಥೆ, ಇದನ್ನ ಓದ್ತಿರೋರಲ್ಲಿ ಯಾರಾದ್ರೂ ಇದ್ರೆ ಗಮನಿಸಿ.

ಕಾಫಿನೂ ಇದೇ ದಾರೀಲಿ ಕರಗೋದು. ಬಿಟ್ಟ ಮೇಲೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ನಾಲ್ಕು ಲೋಟದಷ್ಟು ಏರುತ್ತೆ. ಅರ್ಧಕ್ಕಿಳಿಸಿ, ನಿದ್ದೆ ಎಷ್ಟೋ ಸುಧಾರಿಸುತ್ತೆ.

ನಿಮ್ಮ ಆ್ಯಪ್ ಯಾವ ಮಾತ್ರೆ ತಗೋತೀರಾ ಅಂತ ಒಂದು ಸಲ ಕೇಳ್ತಾ?

ಜೆರಾಕ್ಸ್_ತಿಪಟೂರು:

ಇಲ್ಲ. ನನಗೆ ಯಾವ ಪ್ರಾಣಿ ಇಷ್ಟ ಅಂತ ಕೇಳ್ತು. ಆನೆ ಅಂದೆ.

ಸರ್, ಕೈ ಮುಗೀತೀನಿ. ನಾಳೆನೇ ಹೋಗ್ತೀನಿ. ನಿಕೋಟಿನ್ ಚೂಯಿಂಗ್ ಗಮ್ ಬಗ್ಗೆನೂ ಹೇಳಿ. ಒಂದ್ಸಲ ತಗೊಂಡಿದ್ದೆ, ಬಿಕ್ಕಳಿಕೆ ಬಂದು ಹೊಟ್ಟೆ ಉರೀತು.

ಮೆಡಿಕಲ್‌ಶಾಪ್_ಶಿವಮೊಗ್ಗ:

ಎಲ್ಲರೂ ಅದನ್ನ ಬಬಲ್‌ಗಮ್ ಥರ ಅಗಿದು ರಸ ನುಂಗ್ತಾರೆ, ಆಮೇಲೆ ಸರಿ ಇಲ್ಲ ಅಂತ ಅರ್ಧ ಸ್ಟ್ರಿಪ್ ವಾಪಸ್ ತರ್ತಾರೆ. ಅಗಿಯೋ ವಸ್ತುನೇ ಅಲ್ಲ ಅದು. ಮೆಲ್ಲಗೆ ನಾಲ್ಕೈದು ಸಲ ಕಚ್ಚಿ, ಮೆಣಸು ಕಚ್ಚಿದ ಹಾಗೆ ಚುರುಗುಟ್ಟಿದ ತಕ್ಷಣ ಕೆನ್ನೆ ಸಂದಿಗೆ ತಳ್ಳಿ ಬಿಟ್ಟುಬಿಡಿ, ಎಲೆ ಅಡಿಕೆ ದವಡೆಗೆ ಒತ್ತರಿಸ್ತಾರಲ್ಲ ಹಾಗೆ. ಚುರುಚುರು ಇಳಿದ ಮೇಲೆ ಇನ್ನೊಂದು ಸಲ. ಒಂದು ಗಮ್ ಅರ್ಧ ಗಂಟೆ ಬರಬೇಕು. ಕಾಫಿ, ನಿಂಬೆ ಪಾನಕ ಕುಡಿದು ಹದಿನೈದು ನಿಮಿಷ ಬಾಯಿಗೆ ಹಾಕಬೇಡಿ, ಬಾಯಿ ನಿಕೋಟಿನ್ನನ್ನ ಎಳೆಯೋದೇ ಇಲ್ಲ. 2 ಮಿ.ಗ್ರಾಂ ನಾವೇ ಕೊಡ್ತೀವಿ, 4ಕ್ಕೆ ಚೀಟಿ ಬೇಕು. ಶುಗರ್ ಇದೆ ಅಂದ್ರಲ್ಲ, ಶುಗರ್‌ಫ್ರೀದು ಕೇಳಿ. ಗಮ್‌ನಲ್ಲಿ ಟಾರಿಲ್ಲ, ಹಾಗಾಗಿ ಥಿಯೋಫಿಲಿನ್ ಲೆಕ್ಕಕ್ಕೆ ಅದು ತೊಂದರೆ ಕೊಡಲ್ಲ.

ಜಯನಗರ_4ನೇಬ್ಲಾಕ್:

ಅಂಕಲ್ ವೇಪ್ (ಇ-ಸಿಗರೇಟು) ಟ್ರೈ ಮಾಡಿ, ನನ್ನ ಫ್ರೆಂಡ್ ಅದರಲ್ಲೇ ಬಿಟ್ಟ. ಬ್ಲೂಟೂತ್ ಇರುತ್ತೆ, ಎಷ್ಟು ಎಳೆದ್ರಿ ಅಂತ ಫೋನಲ್ಲೇ ಕೌಂಟ್ ಬರುತ್ತೆ.

ಎನ್‌ಸಿಡಿ_ಕೌನ್ಸೆಲರ್:

ಮೇಲಿನ ತಮ್ಮನಿಗೆ: ಇ-ಸಿಗರೇಟು ಮಾರೋದು, ತರಿಸೋದು 2019ರಿಂದ ದೇಶದಲ್ಲೇ ನಿಷೇಧ. ಕದ್ದು ಸಿಗೋದರಲ್ಲಿ ಏನು ತುಂಬಿರುತ್ತೋ ಯಾರಿಗೂ ಗೊತ್ತಿಲ್ಲ. 52 ಪರ್ಸೆಂಟ್ ಶ್ವಾಸಕೋಶಕ್ಕೆ ಅದನ್ನ ಹೇಳಬೇಡಪ್ಪ.

ತಿಪಟೂರಿನ ಸರ್, ನಾನು ಜಿಲ್ಲಾಸ್ಪತ್ರೆಯ ಬಿಪಿ-ಶುಗರ್ ಕ್ಲಿನಿಕ್ಕಲ್ಲಿ ತಂಬಾಕು ಬಿಡಿಸೋ ಆಪ್ತಸಮಾಲೋಚಕಿ. ನಿಮ್ಮ ಸೊನ್ನೆ ಕಥೆ ಓದಿ ಸಿಟ್ಟು ಬಂತು. ವಾರಕ್ಕೆ ಇಬ್ಬರಾದ್ರೂ ಹಾಗೆ ಬರ್ತಾರೆ, "ಮೇಡಂ ಎಲ್ಲಾ ಹೋಯ್ತು" ಅಂತ. ಏನೂ ಹೋಗಿರಲ್ಲ. ಒಂದು ಸೇದಿದ್ದಕ್ಕೆ ನಾವು ಜಾರಿದ್ದು ಅಂತೀವಿ. ಮಾರನೇ ದಿನದ ಆರು ಸಿಗರೇಟನ್ನ ಸೇದಿಸಿದ್ದು ತೋಟದ ಬದುವಲ್ಲ, ಆ ಸೊನ್ನೆ.

ಫೋನಿಂದ ಉಪಯೋಗ ಇಲ್ಲ ಅಂತಲ್ಲ. ಬ್ರಿಟನ್ನಲ್ಲಿ 5,800 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿದ್ರು, 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರೀ ಎಸ್ಸೆಮ್ಮೆಸ್. ಅರ್ಧ ಜನಕ್ಕೆ ಬಿಡೋಕೆ ಸಹಾಯ ಮಾಡೋ ಮೆಸೇಜು, ಉಳಿದರ್ಧಕ್ಕೆ ಏನೋ ಬೇರೆ ಮೆಸೇಜು. ಆರು ತಿಂಗಳಾದ ಮೇಲೆ ಬಿಟ್ಟೇ ಇದ್ದೋರು, ಅದೂ ಎಂಜಲು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡಿದ್ದು, ನೂರಕ್ಕೆ 10.7. ಬೇರೆ ಮೆಸೇಜಿನವರಲ್ಲಿ 4.9. ಎರಡು ಪಟ್ಟಿಗೂ ಜಾಸ್ತಿ. ಆದ್ರೆ ಹತ್ತರಲ್ಲಿ ಒಬ್ಬರು, ಅದನ್ನೂ ನೆನಪಿಡಿ. ಆಗದೆ ಇದ್ದೋರೇ ಹೆಚ್ಚು, ಅವರೆಲ್ಲ ಮನಸ್ಸು ಗಟ್ಟಿ ಇಲ್ಲದೋರಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಆಸೆ ತಡೆಯೋಕೆ ಆಗದಾಗ ಒಂದು ಪದ ಕಳಿಸಬಹುದಿತ್ತು, ಜಾರಿದಾಗ ಇನ್ನೊಂದು ಪದ. ಎರಡಕ್ಕೂ ತಕ್ಷಣ ಉತ್ತರ ಬರ್ತಿತ್ತು. ಜಾರಿದ್ದಕ್ಕೂ ಉತ್ತರ! ಅಳಿಸೋದಲ್ಲ.

ನಮ್ಮಲ್ಲಿ: 1800-11-2356, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದ್ರೆ ಬಿಡೋಕೆ ನೆರವಾಗೋ ಸಹಾಯವಾಣಿ. ಕರೆ ಉಚಿತ. 2016ರಲ್ಲಿ ದೆಹಲಿಯಲ್ಲಿ ಶುರುವಾಗಿದ್ದು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದು ಕೇಂದ್ರ ಆಯ್ತು, ಅಲ್ಲಿಂದ ಕನ್ನಡದಲ್ಲೇ ಮಾತಾಡ್ತಾರೆ. ಬೆಳಿಗ್ಗೆ 8ರಿಂದ ರಾತ್ರಿ 8. ಸೋಮವಾರ ರಜಾ. ಒಂದು ಸಲ ಮಾತಾಡಿ ಬಿಡೋ ದಿನ ಗೊತ್ತು ಮಾಡಿಕೊಂಡ್ರೆ ಆಮೇಲೆ ಅವರೇ ವಾಪಸ್ ಕರೆ ಮಾಡಿ ವಿಚಾರಿಸ್ತಾರೆ. 2018ರಿಂದ ಪ್ಯಾಕಿನ ಮೇಲೇ ಈ ನಂಬರ್ ಇದೆ. ನೀವು ಬಿಡಿ ಬಿಡಿಯಾಗಿ ತಗೋತಿದ್ರೆ ನೋಡಿರಲ್ಲ. ಬಿಡಿ ಮಾರಬಾರದು ಅಂತ ಕಾನೂನು ಇರೋದು ಹಾಳೆ ಮೇಲೆ, ಪ್ಯಾಕ್ ಇರೋದು ಟೀ ಅಂಗಡಿಯವನ ಡಬ್ಬಿಯಲ್ಲಿ.

011-22901701ಕ್ಕೆ ಮಿಸ್ಡ್ ಕಾಲ್ ಕೊಟ್ರೆ ಸರ್ಕಾರದ ಮೆಸೇಜ್ ಸೇವೆಗೆ ಹೆಸರು ಸೇರುತ್ತೆ. ಶುರುವಾಗಿದ್ದು ಹಿಂದಿ, ಇಂಗ್ಲಿಷಲ್ಲಿ. ನಿಮಗೆ ನಾನು ಮೊದಲು ಹೇಳೋದು ಕ್ವಿಟ್‌ಲೈನೇ. ಮೆಸೇಜಿಗೆ ನಿಮ್ಮ ಮಾತ್ರೆ ಚೀಟಿ ಓದಿ ಹೇಳೋಕಾಗಲ್ಲ, ಮನುಷ್ಯರಿಗೆ ಓದಿ ಹೇಳಬಹುದು. ಸಿಒಪಿಡಿ ಇದೆ, ಶುಗರ್ ಇದೆ ಅಂತ ಮೊದಲೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ಬಿಡಿಸೋ ಚಿಕಿತ್ಸೆ ಬಗ್ಗೆ ಮೊದಲ ಮಾರ್ಗಸೂಚಿ ತಂತು. ಅದೂ ಔಷಧಿ ಮತ್ತು ಆಪ್ತಸಮಾಲೋಚನೆ ಎರಡೂ ಜೊತೆಗಿರಲಿ ಅನ್ನುತ್ತೆ. ಆ್ಯಪು, ಮೆಸೇಜು ಅದಕ್ಕೆ ಊರೆಗೋಲು.

ಉಸಿರಿನ ವ್ಯಾಯಾಮ ನಿಮಗೆ ಬೇರೆ. ಹಿಡಿದಿಟ್ಟುಕೊಳ್ಳಲೇಬೇಡಿ. ಮೂಗಲ್ಲಿ ಎಳೆದು, ಬಿಸಿ ಕಾಫಿ ಆರಿಸೋ ಹಾಗೆ ತುಟಿ ಸಣ್ಣ ಮಾಡಿ ನಿಧಾನ ಊದಿ, ಎಳೆದದ್ದರ ಎರಡರಷ್ಟು ಹೊತ್ತು. ಮೆಟ್ಟಿಲು ಹತ್ತುವಾಗ ಊದ್ತಾ ಹೆಜ್ಜೆ ಇಡಿ. ಸೇದೋ ಆಸೆ ಒಂದು ಸಲಕ್ಕೆ ಕೆಲವೇ ನಿಮಿಷ ಇರೋದು. ಫೋನಲ್ಲಿ ಐದು ನಿಮಿಷ ಟೈಮರ್ ಇಟ್ಟು ಹೀಗೆ ಊದಿ.

ಆ ಗುಲಾಬಿ ಚಿತ್ರ ಮರೆತುಬಿಡಿ. ಸಿಒಪಿಡಿಯಲ್ಲಿ ಹೋದದ್ದು ವಾಪಸ್ ಬರಲ್ಲ, ಸುಳ್ಳು ಹೇಳಲಾರೆ. ಬಿಟ್ರೆ ಇಳಿಜಾರು ನಿಧಾನ ಆಗುತ್ತೆ. 52ರಿಂದ 40ಕ್ಕೆ ಇಳಿಯೋ ವರ್ಷಗಳನ್ನ ಮುಂದಕ್ಕೆ ತಳ್ಳಬಹುದು. ಮೊದಲ ಕೆಲವು ವಾರ ಕಫ ಜಾಸ್ತಿ ಬಂದ್ರೆ ಹೆದರಬೇಡಿ, ಒಳಗಿನ ಪೊರಕೆ ಮತ್ತೆ ಗುಡಿಸೋಕೆ ಶುರು ಮಾಡಿರುತ್ತೆ. ಹಸಿರಾದ್ರೆ, ಜ್ವರ ಬಂದ್ರೆ ಮಾತ್ರ ಕಾಯಬೇಡಿ. ಶುಗರ್ ಮೊದಲೆರಡು ತಿಂಗಳು ಸ್ವಲ್ಪ ಹೆಚ್ಚು ಸಲ ಚೆಕ್ ಮಾಡಿ, ಮೇಲೆ ಕೆಳಗೆ ಆಡುತ್ತೆ.

ನೀವು ಡಿಟಿಪಿಯವರಲ್ವಾ? ಸೊನ್ನೆ ಹಾಕದೆ ಇರೋದನ್ನ ನೀವೇ ಯಾಕೆ ಮಾಡಿಕೋಬಾರದು?

ಜೆರಾಕ್ಸ್_ತಿಪಟೂರು: (ಮೂರು ವಾರದ ನಂತರ)

ವರದಿ ಒಪ್ಪಿಸೋಕೆ ಬಂದೆ.

ಡಾಕ್ಟರ್ ಮೊದಲು ಕೇಳಿದ್ದೇ, "ಬಿಟ್ಟಿದ್ದನ್ನ ಯಾಕ್ರೀ ಹೇಳಲಿಲ್ಲ?" ನೀವೇ ಮೂರು ವರ್ಷದಿಂದ ಬಿಡು ಬಿಡು ಅಂತಿದ್ರಲ್ಲ ಸಾರ್, ಅದರಲ್ಲಿ ಹೇಳೋದೇನು ಅಂದ್ಕೊಂಡೆ ಅಂದೆ. ನಕ್ಕರು. ಥಿಯೋಫಿಲಿನ್ ಡೋಸು ಇಳಿಸಿದ್ರು. ಐದನೇ ದಿನಕ್ಕೆ ಮೌಸ್ ನೆಟ್ಟಗೆ ನಿಂತಿತು. ಶಿವಮೊಗ್ಗದ ಸರ್, ನಿಮ್ಮ ಅಂಗಡಿ ಎಲ್ಲಿದೆ ಅಂತ ಹೇಳಿದ್ರೆ ಒಂದು ಮೂಟೆ ಎಳನೀರು ಕಳಿಸ್ತೀನಿ. ಶುಗರ್ ಮಾತ್ರ ಏರಿತ್ತು, ಕಾರಣ ನಾನೇ. ಸಿಗರೇಟಿನ ಬದಲು ದಿನಕ್ಕೆ ಆರು ಕಡ್ಲೆಮಿಠಾಯಿ ತಿಂತಿದ್ದೆ. ಈಗ ಹುರಿಗಡಲೆ.

ಕ್ವಿಟ್‌ಲೈನಿಗೆ ಒಂದು ಮಂಗಳವಾರ ಎಂಟು ಗಂಟೆ ಹತ್ತು ನಿಮಿಷಕ್ಕೆ ಮಾಡಿದೆ. ಒಬ್ಬ ಹುಡುಗಿ, ದಕ್ಷಿಣ ಕನ್ನಡದ ಕಡೆಯ ಮಾತು. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಅಂತ ಕೇಳಿದಳು. ಚಾದರ ತೆಗೆಯೋ ಮುಂಚೆ ಅಂದೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನ ಕೇಳಿರಲಿಲ್ಲ, ಎಲ್ಲರೂ ದಿನಕ್ಕೆಷ್ಟು ಅಂತಲೇ ಕೇಳೋದು. ಈಗ 6:10ಕ್ಕೆ ಅಲಾರಂ, ಅದರ ಮೇಲೆ "ಮೊದಲು ಪಂಪು, ಆಮೇಲೆ ಲೋಕ" ಅಂತ ಬರೆದಿಟ್ಟಿದೀನಿ. ಆಕೆ ಎರಡು ಸಲ ವಾಪಸ್ ಫೋನ್ ಮಾಡಿದಳು.

ಬ್ರಿಟನ್ನಿನವರ ಎರಡು ಪದದ ಉಪಾಯವನ್ನ ಮಗಳ ಮೇಲೆ ಪ್ರಯೋಗ ಮಾಡಿದೀನಿ. ಆಸೆ ಬಂದ್ರೆ ವಾಟ್ಸ್ಆ್ಯಪಲ್ಲಿ "ಬಂತು" ಅಂತ ಕಳಿಸ್ತೀನಿ, ಜಾರಿದ್ರೆ "ಜಾರಿದೆ". ಕರಾರು ಏನಂದ್ರೆ ಬಯ್ಯೋ ಹಾಗಿಲ್ಲ, ಅಳೋ ಹಾಗಿಲ್ಲ, ಏನಾದ್ರೂ ಒಂದು ಕಳಿಸಬೇಕು. ಅವಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಫೋಟೋ ಕಳಿಸ್ತಾಳೆ. ಅದು ಮುಂದೆ ಹೋಗೋವಷ್ಟರಲ್ಲಿ ನನ್ನ ಐದು ನಿಮಿಷ ಮುಗಿದಿರುತ್ತೆ.

ಮೇಡಂ, ನೀವು ಹೇಳಿದ ಹಾಗೆ ಒಂದು ಹಾಳೆ ಮಾಡಿದೆ. ಎ4, ಅಡ್ಡ, 90 ಚೌಕ. ಸೇದದ ದಿನ ಟಿಕ್. ಜಾರಿದ ದಿನ ಎಷ್ಟು, ಎಲ್ಲಿ ಅಂತ ಆ ಚೌಕದೊಳಗೇ ಬರೆಯೋದು. ಕೆಳಗೆ ಬರೀ ಟಿಕ್ಕುಗಳ ಮೊತ್ತ. ಇವತ್ತಿಗೆ 21 ಚೌಕ ತುಂಬಿದೆ. ಒಂದರಲ್ಲಿ "2, ಸರ್ವರ್ ಡೌನ್, ಜನ ಮೈಮೇಲೆ ಬಿದ್ರು" ಅಂತಿದೆ. ಇನ್ನೊಂದರಲ್ಲಿ "1, ಮದುವೆ ಮನೆ ಹಿಂದೆ". ಮೊತ್ತ 19. ಆ್ಯಪ್ ಆಗಿದ್ರೆ 4 ಅಂತ ತೋರಿಸ್ತಿತ್ತು.

ಗೋಡೆಗೆ ಅಂಟಿಸಿದ್ದನ್ನ ನೋಡಿ ಪಹಣಿ ತೆಗೆಸೋಕೆ ಬಂದಿದ್ದ ಒಬ್ಬ ಯಜಮಾನರು, ಇದೇನು ಚೀಟಿನಾ ಅಂದ್ರು. ಹೇಳಿದೆ. ಬೀಡಿ ಕಿವಿ ಸಂದಿಯಿಂದ ತೆಗೆದು ಜೇಬಿಗಿಟ್ಟುಕೊಂಡು, ನನಗೂ ಒಂದು ಜೆರಾಕ್ಸ್ ಕೊಡು ಅಂದ್ರು. ಇಲ್ಲಿವರೆಗೆ ಹನ್ನೊಂದು ಕಾಪಿ ಹೋಗಿದೆ. ದುಡ್ಡು ತಗೊಂಡಿಲ್ಲ.

ಫೈಲು ನುಡಿ ಸಾಫ್ಟ್‌ವೇರಿನ ಫಾಂಟಲ್ಲಿದೆ, ಬೇಕಾದೋರು ಹೇಳಿ, ಯೂನಿಕೋಡ್ ಮಾಡಿ ಹಾಕ್ತೀನಿ. ಸೋಮವಾರದ ಚೌಕಗಳಿಗೆ ಗೆರೆ ದಪ್ಪ ಮಾಡಿದೀನಿ. ಭಾನುವಾರ ರಜಾ ಮುಗಿಸಿ ಇಡೀ ತಾಲ್ಲೂಕು ನನ್ನ ಅಂಗಡಿ ಮುಂದೆ ನಿಲ್ಲೋದು ಅವತ್ತು, ಕ್ವಿಟ್‌ಲೈನು ಮುಚ್ಚಿರೋದೂ ಅವತ್ತೇ.